ರಾಮಕ್ಕನ ಎಳ್ಳುಂಡೆ

ರಾಮಕ್ಕ ಬಜ್ಜಿ ಕರಿಯುವುದನ್ನು ನಿಲ್ಲಿಸಿದ್ದು ಎಪ್ಪತ್ತನಾಲ್ಕನೆಯ ಇಸವಿಯ ಶ್ರಾವಣದಲ್ಲಿ. ಅಲ್ಲಿಯವರೆಗೆ ವಿಜಯನಗರದ ಆ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಬೆಳಗಿನ ಬಿಡುವಿನ ಬೆಲ್ಲು ಬಾರಿಸುವ ಮೊದಲೇ ಅವಳ ಎಣ್ಣೆಯ ವಾಸನೆ ಕಿಟಕಿಗಳಿಂದ ಒಳಗೆ ಬರುತ್ತಿತ್ತು. ಲೆಕ್ಕದ ಮೇಷ್ಟರು ಬೋರ್ಡಿನ ಕಡೆ ತಿರುಗಿಯೇ, "ಈರುಳ್ಳಿದೋ ಮೆಣಸಿನಕಾಯಿದೋ?" ಎಂದು ಕೇಳುತ್ತಿದ್ದರು. ಹುಡುಗಿಯರು ಒಟ್ಟಿಗೆ, "ಮೆಣಸಿನಕಾಯಿ ಸಾರ್," ಎನ್ನುತ್ತಿದ್ದರು.

ಕ್ಯಾಂಟೀನು ಎಂದರೆ ಹೊಂಗೆ ಮರದ ಕೆಳಗೆ, ಕಾಂಪೌಂಡಿಗೆ ಆನಿಸಿ ಕಟ್ಟಿದ ಒಂದು ಶೀಟಿನ ಕೋಣೆ. ಒಳಗೊಂದು ಮರದ ಹೊಟ್ಟಿನ ಒಲೆ, ಗೋಡೆಗೆ ಹೊಡೆದ ಮೊಳೆ, ಮೊಳೆಗೆ ಬಾಣಲೆ. ಬಾಗಿಲ ಬಳಿ ಉದ್ದನೆಯ ಹಲಗೆ. ಮೂಲೆಯಲ್ಲಿ ಮಗುಚಿ ಹಾಕಿದ ಒಂದು ಎಣ್ಣೆ ಡಬ್ಬ. ಅದರ ಮೇಲೆ ನಾಲ್ಕು ಮಡಿಕೆ ಮಾಡಿದ ಗೋಣಿಚೀಲ.

ಆ ಡಬ್ಬ ರಾಮಕ್ಕನ ಮಗಳು ಲಚ್ಚಿಯದು. ಹಾಜರಿ ಕೂಗುವಾಗ ಲಕ್ಷ್ಮಿದೇವಮ್ಮ, ಉಳಿದಂತೆ ಎಲ್ಲರಿಗೂ ಲಚ್ಚಿ. ಅದೇ ಶಾಲೆಯಲ್ಲಿ ಓದುತ್ತಿದ್ದಳು. ಬಿಡುವಿನಲ್ಲಿ, ಊಟದ ಹೊತ್ತಿನಲ್ಲಿ, ಸಂಜೆ ಅಮ್ಮ ಪಾತ್ರೆ ತೊಳೆದು ಮುಗಿಸುವವರೆಗೆ ಅವಳು ಆ ಡಬ್ಬದ ಮೇಲೆಯೇ ಕೂತಿರುತ್ತಿದ್ದಳು. ಕೂತರೆ ಡಬ್ಬದ ತಗಡು ಒಳಕ್ಕೆ ತಗ್ಗಿ ‘ಡಬ್’ ಅನ್ನುತ್ತಿತ್ತು. ಎದ್ದರೆ ಮತ್ತೆ ಮೇಲೆ ಬಂದು ‘ಡಬ್’ ಅನ್ನುತ್ತಿತ್ತು. ಒಲೆಯ ಕಡೆ ಮುಖ ಮಾಡಿ ಕೂತ ರಾಮಕ್ಕನಿಗೆ ಮಗಳು ಬಂದದ್ದೂ ಹೋದದ್ದೂ ಆ ಸದ್ದಿನಿಂದಲೇ ತಿಳಿಯುತ್ತಿತ್ತು.

ಲಚ್ಚಿಯ ಜೊತೆ ಅವಳದೇ ಬೆಂಚಿನ ಸೀತಾ ಬರುತ್ತಿದ್ದಳು. ಲೇಔಟಿನ ಹುಡುಗಿ, ತಂದೆ ಯಾವುದೋ ಆಫೀಸಿನಲ್ಲಿ ಗುಮಾಸ್ತರು. ಸೀತಾಳ ಡಬ್ಬಿಯಲ್ಲಿ ಮೊಸರನ್ನ, ಲಚ್ಚಿಯ ಕೈಯಲ್ಲಿ ಬಜ್ಜಿ. ಇಬ್ಬರೂ ಅದಲು ಬದಲು ಮಾಡಿಕೊಂಡು, ಒಬ್ಬಳು ಡಬ್ಬದ ಮೇಲೆ, ಒಬ್ಬಳು ಹೊಸ್ತಿಲ ಮೇಲೆ ಕೂತು ತಿನ್ನುತ್ತಿದ್ದರು.

"ಬರೀ ಬಜ್ಜಿ ತಿಂದು ನೀನೂ ಒಂದಿನ ಬಜ್ಜಿ ಆಗ್ತೀಯ ಕಣೇ," ಎಂದು ಸೀತಾ ಅಂದರೆ, "ಆದ್ರೆ ನೀನೇ ಮೊದ್ಲು ತಿನ್ನೋದು," ಎಂದು ಲಚ್ಚಿ ಅನ್ನುತ್ತಿದ್ದಳು.

ರಾಮಕ್ಕ ಹೊಸಹಳ್ಳಿಯವಳು. ಗಂಡ ಬೈರಯ್ಯ ಮಿಲ್ಲಿಗೆ ಹೋಗುತ್ತಿದ್ದ. ಅವನಪ್ಪ ರಾಗಿ ಬೆಳೆಯುತ್ತಿದ್ದ ಹೊಲಗಳ ಮೇಲೆ ಈಗ ಅಡ್ಡರಸ್ತೆಗಳಿದ್ದವು, ಮನೆಗಳ ಮುಂದೆ ಕ್ರೋಟನ್ ಗಿಡಗಳಿದ್ದವು. ಅದರ ಬಗ್ಗೆ ರಾಮಕ್ಕ ಮಾತಾಡಿದ್ದನ್ನು ಯಾರೂ ಕೇಳಿಲ್ಲ. ಬೆಳಿಗ್ಗೆ ಮನೆಯಲ್ಲಿ ಮುದ್ದೆ ತೊಳಸಿಟ್ಟು, ಕಡಲೆಹಿಟ್ಟು ಹೊತ್ತುಕೊಂಡು ಬರುತ್ತಿದ್ದಳು. ಮುದ್ದೆ ಗಂಡನಿಗೆ. ಮಗಳಿಗೆ ಮುದ್ದೆ ಬೇಡವಾಗಿತ್ತು. ಕ್ಲಾಸಿನ ಹುಡುಗಿಯರು ನಗುತ್ತಾರೆ ಅನ್ನುತ್ತಿದ್ದಳು. ಬೇಡದಿದ್ದರೆ ಬೇಡ, ಕ್ಯಾಂಟೀನಿದೆಯಲ್ಲ ಎಂದು ರಾಮಕ್ಕ ಸುಮ್ಮನಾಗುತ್ತಿದ್ದಳು.

ಲಚ್ಚಿ ಬೆಳ್ಳಗಾಗುತ್ತ ಹೋದಳು. ಹೊಸಹಳ್ಳಿಯಲ್ಲಿ ಎಲ್ಲರೂ, ದೊಡ್ಡೋಳಾಗ್ತಾ ಮಗಳಿಗೆ ಬಣ್ಣ ಬಂತು ಎಂದರು. ಪ್ರಾರ್ಥನೆಯಲ್ಲಿ ನಿಂತಿರುವಾಗ ಒಮ್ಮೆ ಬಿದ್ದಳು. ಮತ್ತೊಮ್ಮೆ ಬಿದ್ದಳು. ಆಮೇಲೆ ಜ್ವರ ಬಂತು. ಆಸ್ಪತ್ರೆಯಲ್ಲಿ ಡಾಕ್ಟರು ಅವಳ ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿದರು, ಉಗುರು ನೋಡಿದರು.

"ರಕ್ತಾನೇ ಇಲ್ವಲ್ಲಮ್ಮ. ಮಗು ಏನ್ ತಿನ್ನುತ್ತೆ?"

"ನಾನು ಇಸ್ಕೂಲ್ ಕ್ಯಾಂಟೀನ್‌ನಾಗೆ ಇರೋದು ಸಾಮಿ," ಎಂದಿದ್ದಳು ರಾಮಕ್ಕ. "ಏನ್ ಬೇಕಾದ್ರೂ ತಿಂತಾಳೆ."

ಸ್ವಲ್ಪ ಹೆಮ್ಮೆಯಿಂದಲೇ ಹೇಳಿದ್ದಳು. ಡಾಕ್ಟರು ಚೀಟಿ ಬರೆದರು. ಜ್ವರ ಇಳಿಯಲಿಲ್ಲ. ಅದು ಹಿಂದಿನ ವರ್ಷದ ಶ್ರಾವಣ.

ಹನ್ನೊಂದು ದಿನದ ಸೂತಕ ಕಳೆದ ಮಾರನೆಯ ದಿನ ರಾಮಕ್ಕ ಕ್ಯಾಂಟೀನಿನ ಬೀಗ ತೆಗೆದಳು. ಒಲೆಗೆ ಹೊಟ್ಟು ತುಂಬಿದಳು. ಬಾಣಲೆ ಇಟ್ಟಳು. ಬೆಲ್ಲು ಬಾರಿಸಿದಾಗ ಬಜ್ಜಿ ಸಿದ್ಧವಾಗಿತ್ತು. ಏನು ಹೇಳುವುದೆಂದು ಯೋಚಿಸಿಕೊಂಡು ಬಂದ ಟೀಚರುಗಳು ಏನೂ ಹೇಳದೆ ಹೋದರು. ಅವಳ ಮುಖದಲ್ಲಿ ಹೇಳುವುದಕ್ಕೆ ಜಾಗವಿರಲಿಲ್ಲ.

ಒಂದೇ ಒಂದು ವ್ಯತ್ಯಾಸ. ಹಿಟ್ಟು ಕಲಸಿ ನಾಲಿಗೆಯ ತುದಿಗಿಟ್ಟು ಉಪ್ಪು ನೋಡುವುದನ್ನು ಅವಳು ಬಿಟ್ಟುಬಿಟ್ಟಿದ್ದಳು. ಕೆಲವು ದಿನ ಬಜ್ಜಿ ಸಪ್ಪಗಿರುತ್ತಿತ್ತು, ಕೆಲವು ದಿನ ಬಾಯಿಗೆ ಹಾಕಲಾಗುತ್ತಿರಲಿಲ್ಲ. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು ತಿನ್ನುತ್ತಿದ್ದರು. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಗೊತ್ತಿಲ್ಲದೆ ಆ ಡಬ್ಬದ ಮೇಲೆ ಕೂರಲು ಹೋದಾಗ ಮಾತ್ರ ರಾಮಕ್ಕ, "ಅಲ್ ಬ್ಯಾಡ," ಎಂದಿದ್ದಳು. ಜೋರಾಗಿ ಅಲ್ಲ. ಆಮೇಲೆ ಯಾರೂ ಕೂರಲಿಲ್ಲ. ಸೀತಾ ಬರುವುದನ್ನೇ ಬಿಟ್ಟಳು.

ಮುಂದಿನ ಜೂನಿನಲ್ಲಿ ಗದಗಿನ ಕಡೆಯಿಂದ ಜಲಜಾ ಎಂಬ ಟೀಚರ್ ಬಂದಳು. ಗೃಹವಿಜ್ಞಾನ ಕಲಿಸುವವಳು. ಲಚ್ಚಿಯ ವಿಷಯ ಅವಳಿಗೆ ಗೊತ್ತಿರಲಿಲ್ಲ. ಪ್ರಾರ್ಥನೆಯಲ್ಲಿ ಹುಡುಗಿಯರು ಬೀಳುವುದನ್ನು ನೋಡಿ ಅವಳು ಒಬ್ಬೊಬ್ಬರನ್ನೇ ಕಿಟಕಿಯ ಬೆಳಕಿಗೆ ಕರೆದು ರೆಪ್ಪೆ ಎಳೆದು ನೋಡಿದಳು. ಆಮೇಲೆ ದೊಡ್ಡದೊಂದು ಕಾಗದದ ಮೇಲೆ ಬಣ್ಣದ ಸೀಸದಕಡ್ಡಿಯಲ್ಲಿ ಕಾಳು, ಸೊಪ್ಪು, ಸೀಬೆಹಣ್ಣು, ಬೆಲ್ಲ ಎಲ್ಲ ಬರೆದು ಕ್ಯಾಂಟೀನಿನ ಬಾಗಿಲಿಗೆ ಅಂಟಿಸಿದಳು. ಸೀಬೆಹಣ್ಣು ಬದನೆಕಾಯಿಯ ಹಾಗಿದೆ ಎಂದು ಹುಡುಗಿಯರು ಹೇಳಿದರು. ಜಲಜಾ ನಕ್ಕು, ಅದರ ಕೆಳಗೆ ‘ಇದು ಸೀಬೆಹಣ್ಣು’ ಎಂದು ಬರೆದಳು.

ಶಾಲೆಯ ಸಭೆಯಲ್ಲಿ, ಕ್ಯಾಂಟೀನಿನಲ್ಲಿ ಇಂಥವನ್ನೇ ಮಾಡಿಸಬೇಕೆಂಬ ಅವಳ ಮಾತಿಗೆ ಹೆಡ್‌ಮಿಸ್ಟ್ರೆಸ್ ಅನಂತಲಕ್ಷ್ಮಿಯವರು ಒಪ್ಪಿದರು. ಶಾಲೆಯ ಕಾರ್ಯದರ್ಶಿ ವೆಂಕಟಗಿರಿಯವರು ಕನ್ನಡಕ ಒರೆಸಿಕೊಳ್ಳುತ್ತ ಹೇಳಿದರು:

"ಮಾಡಿ ಮೇಡಂ, ಒಳ್ಳೇದೇ. ಆದ್ರೆ ಕ್ಯಾಂಟೀನ್ ನಡೀಬೇಕು. ಹುಡುಗೀರು ಇಲ್ಲಿ ಸಿಗಲಿಲ್ಲ ಅಂತ ಗೇಟಿನಾಚೆ ಹೋಗಿ ಧೂಳು ಬಿದ್ದಿದ್ದು ತಿಂದ್ರೆ ಅದಕ್ಕಿಂತ ಅನ್ಯಾಯ. ದಸರಾ ರಜಕ್ಕೆ ಮುಂಚೆ ನಾನೇ ಬಂದು ನೋಡ್ತೀನಿ. ನಡೀಲಿಲ್ಲ ಅಂದ್ರೆ ರಾಜಾಜಿನಗರದ ಹೋಟ್ಲಿನೋರು ಕೇಳ್ತಾನೇ ಇದಾರೆ. ಅವರಿಗೆ ವಹಿಸಿಬಿಡೋಣ."

ಈ ಮಾತನ್ನು ರಾಮಕ್ಕನಿಗೆ ತಿಳಿಸಲು ಹೋದ ಜಲಜಾ ಹಲಗೆಯ ಮುಂದೆ ನಿಂತು ಬಹಳ ಹೊತ್ತು ಮಾತಾಡಿದಳು. ಮೊಳಕೆ ಕಾಳಿನ ಬಗ್ಗೆ ಹೇಳಿದಳು, ಸೊಪ್ಪಿನ ಬಗ್ಗೆ ಹೇಳಿದಳು. ರಾಮಕ್ಕ ಬಜ್ಜಿ ತಿರುವಿ ಹಾಕುತ್ತ ಕೇಳುತ್ತಿದ್ದಳೋ ಇಲ್ಲವೋ ತಿಳಿಯುವಂತಿರಲಿಲ್ಲ.

"ರಾಮಕ್ಕಾರ, ನಿಮಗ ಎಳ್ಳುಂಡಿ ಕಟ್ಟಾಕ ಬರ್ತೈತೇನ್ರಿ? ಇನ್ನೇನು ಪಂಚಮಿ ಬಂತು. ನಮ್ಮ ಕಡೆ ಮನಿಮನಿಗೆ ಉಂಡಿ ಕಟ್ತಾರ. ಹುಡುಗ್ಯಾರು ಜೋಕಾಲಿ ಆಡ್ಕೋತ ತಿಂತಾವು. ಎಳ್ಳು ಬೆಲ್ಲ ತಿಂದ್ರ ರಕ್ತ ಆಗ್ತೈತ್ರಿ."

ರಾಮಕ್ಕ ತಲೆ ಎತ್ತಿದಳು.

"ಎಷ್ಟು ತಿನ್ಬೇಕು?"

"ದಿನಾ ಒಂದು ತಿಂದ್ರೂ ಸಾಕ್ರಿ."

"ದಿನಾ ಒಂದು," ಎಂದಳು ರಾಮಕ್ಕ.

ಆ ಬಾಣಲೆಯಲ್ಲಿದ್ದ ಬಜ್ಜಿ ತೆಗೆದಳು. ಅಂದಿನ ಬಜ್ಜಿ ಮುಗಿದ ಮೇಲೆ ಎಣ್ಣೆ ಬಸಿದು, ಬಾಣಲೆಯನ್ನು ಬೂದಿ ಹಾಕಿ ತಿಕ್ಕಿ ತೊಳೆದು ಮೊಳೆಗೆ ತೂಗುಹಾಕಿದಳು. ಮಾರನೆಯ ದಿನ ಅದನ್ನು ಇಳಿಸಲಿಲ್ಲ. ಜಲಜಾಗೆ ಗಾಬರಿಯಾಯಿತು.

"ಅಯ್ಯ, ಬಜ್ಜಿ ಪೂರಾ ಬಿಡೂದು ಬ್ಯಾಡ್ರಿ. ಎರಡೂ ಇಡ್ರಿ. ಹುಡುಗ್ಯಾರು ತಾವ ನೋಡಿ ಆರಿಸ್ಕೊಳ್ಳಲಿ. ಹಂಗ ಕಲಿಬೇಕು ಅವು."

"ಬಾಣ್ಲಿ ಇಡಾಕಿಲ್ಲ ಟೀಚರಮ್ಮ."

ರಾಮಕ್ಕ ಕಾಳು ನೆನೆಹಾಕಲು ಪಾತ್ರೆ ತೆಗೆದಳು.

ಹಲಗೆಯ ಮೇಲೆ ಮೂರು ತಟ್ಟೆಗಳು ಬಂದವು. ಒಂದರಲ್ಲಿ ಮೊಳಕೆ ಹೆಸರುಕಾಳಿನ ಉಸಲಿ, ಒಂದರಲ್ಲಿ ಹೆಚ್ಚಿಟ್ಟ ಸೀಬೆಹಣ್ಣು, ಒಂದರಲ್ಲಿ ಎಳ್ಳುಂಡೆ. ಎಳ್ಳನ್ನು ಅವಳು ಹೊಸಹಳ್ಳಿಯ ಮನೆಯಲ್ಲಿ ಸಂಜೆಯೇ ಹುರಿದು, ಒರಳಲ್ಲಿ ಬೆಲ್ಲದ ಜೊತೆ ಕುಟ್ಟಿ, ಕೈಗೆ ಎಣ್ಣೆ ಅಂಟುವವರೆಗೆ ಮಿದ್ದು ಕಟ್ಟುತ್ತಿದ್ದಳು. ಎಲ್ಲ ಒಂದೇ ಗಾತ್ರ. ಕಪ್ಪಗೆ, ನುಣ್ಣಗೆ ತಟ್ಟೆಯ ತುಂಬ ಕೂತಿದ್ದವು.

ಮೊದಲ ದಿನ ಹುಡುಗಿಯರು ಉಸಲಿಯ ಸುತ್ತ ನೆರೆದರು.

"ಇದಕ್ಕೆ ಬಾಲ ಬಂದಿದೆ ನೋಡೇ."

"ಜಲಜಾ ಮಿಸ್ಸು ನಮ್ಮನ್ನ ಹಸು ಅಂದ್ಕೊಂಡಿದಾರೆ ಕಣೇ. ನಾಳೆ ಹುಲ್ಲೂ ಇಡ್ತಾರೆ."

"ಇಟ್ರೆ ನಿಂಗೇ ಮೊದ್ಲು. ನೀನು ದಿನಾ ಅಂಬಾ ಅಂತೀಯಲ್ಲ, ಹಾಜರಿ ಕೂಗ್ದಾಗ."

ನಕ್ಕರು, ಒಂದಿಬ್ಬರು ಉಪ್ಪು ಸಾಲದ ಉಸಲಿ ತಿಂದರು, ಸೀಬೆಹಣ್ಣು ತೆಗೆದುಕೊಂಡರು. ಆಮೇಲೆ ಮೂರನೆಯ ತಟ್ಟೆ ನೋಡಿದರು. ನಗು ನಿಂತಿತು. ಮುಂದೆ ನಿಂತವಳು ಕೈ ಹಿಂದಕ್ಕೆ ಎಳೆದುಕೊಂಡಳು. ಹಿಂದಿನವಳ ಕಿವಿಯಲ್ಲಿ ಏನೋ ಹೇಳಿದಳು. ಆ ಮಾತು ಸಾಲಿನುದ್ದಕ್ಕೂ ಹಿಂದಕ್ಕೆ ಹೋಯಿತು. ಸಾಲು ಕರಗಿತು.

ಮಾರನೆಯ ದಿನ ಇನ್ನೂ ಕಡಿಮೆ ಜನ ಬಂದರು. ವಾರ ಕಳೆಯುವಷ್ಟರಲ್ಲಿ ಉಸಲಿಗೂ ಯಾರೂ ಬರಲಿಲ್ಲ. ಗೇಟಿನ ಹೊರಗೆ ಬೋಂಡ ಮಾರುವ ಗಾಡಿಯೊಂದು ಬಂದು ನಿಂತಿತು. ರಾಮಕ್ಕ ಮೂರು ತಟ್ಟೆ ಇಟ್ಟುಕೊಂಡು ಕೂತಿರುತ್ತಿದ್ದಳು. ಬಿಡುವು ಮುಗಿದ ಮೇಲೆ ನೊಣ ಓಡಿಸಿ ಮುಚ್ಚುತ್ತಿದ್ದಳು. ಸಂಜೆ ಉಂಡೆಗಳನ್ನು ಹೊಸಹಳ್ಳಿಗೆ ಒಯ್ದರೆ ಅಲ್ಲಿಯ ಮಕ್ಕಳು ಒಂದು ಗಳಿಗೆಯಲ್ಲಿ ಮುಗಿಸಿಬಿಡುತ್ತಿದ್ದವು. ಹಾಗಾದರೆ ಇಲ್ಲೇಕೆ ಮುಟ್ಟುತ್ತಿಲ್ಲ ಎಂದು ಅವಳು ಯೋಚಿಸಿದಳೋ ಇಲ್ಲವೋ. ಮತ್ತೆ ಎಳ್ಳು ಹುರಿಯುತ್ತಿದ್ದಳು.

ಬೈರಯ್ಯನಿಗೆ ಹೋಟೆಲಿನವರ ಸುದ್ದಿ ತಿಳಿದಿತ್ತು.

"ಅದ್ಯಾಕಮ್ಮಿ ಹಿಂಗಾಡ್ತೀಯ? ಒಂದ್ ಬಾಂಡ್ಲಿ ಬಜ್ಜಿ ಹಾಕು. ಹುಡುಗೀರು ಓಡ್ ಬತ್ತಾವೆ. ಕ್ಯಾಂಟೀನ್ ಉಳೀತದೆ."

ಅವಳು ಎಳ್ಳು ಹುರಿಯುತ್ತಲೇ ಇದ್ದಳು.

"ಹೋದ್ರೆ ಹೋಯ್ತು ಅಂತೀಯ?"

"ಅಂಗಲ್ಲ," ಎಂದಳು.

ಹಾಗಿರಲೇ ಇಲ್ಲ. ಮನೆಯಲ್ಲಿ ಲಚ್ಚಿಯದು ಎನ್ನುವಂಥದ್ದು ಏನೂ ಉಳಿದಿರಲಿಲ್ಲ. ಬಟ್ಟೆಗಳು ಅವಳ ಜೊತೆಯೇ ಹೋಗಿದ್ದವು. ಪುಸ್ತಕಗಳನ್ನು ಬೈರಯ್ಯ, ಕಣ್ಣೆದುರಿಗೆ ಬೇಡ ಎಂದು ತಮ್ಮನ ಮಗಳಿಗೆ ಕೊಟ್ಟಿದ್ದ. ಉಳಿದದ್ದು ಕ್ಯಾಂಟೀನಿನ ಮೂಲೆ, ಆ ಡಬ್ಬ, ತಗಡಿನಲ್ಲಿ ಕೂತು ಕೂತು ಆದ ತಗ್ಗು. ಹೋಟೆಲಿನವರು ಬಂದರೆ ಮೊದಲು ಆ ಡಬ್ಬವನ್ನು ಹೊರಗೆ ಎಸೆಯುತ್ತಾರೆ. ಅದು ಅವಳಿಗೆ ಗೊತ್ತಿತ್ತು. ಬೆಳಿಗ್ಗೆ ಬೀಗ ತೆಗೆದಾಗ ಮೊದಲು ಅತ್ತ ನೋಡುತ್ತಿದ್ದಳು, ಆಮೇಲೆ ಮೊಳೆಯಲ್ಲಿ ತೂಗುವ ಬಾಣಲೆಯನ್ನು. ಡಬ್ಬ ಉಳಿಯಬೇಕಾದರೆ ಬಾಣಲೆ ಇಳಿಯಬೇಕಿತ್ತು. ಅವಳು ಕೈ ಎತ್ತುತ್ತಿರಲಿಲ್ಲ.

ಹುಡುಗಿಯರು ಎಳ್ಳುಂಡೆ ಮುಟ್ಟದ ಕಾರಣ ಜಲಜಾಗೆ ತಿಳಿದದ್ದು ತರಗತಿಯಲ್ಲಿ. ಎಳ್ಳಿನಾಗ ಏನೇನು ಇರ್ತೈತಿ ಎಂದು ಅವಳು ಕೇಳಿದಾಗ ಹಿಂದಿನ ಬೆಂಚಿನಿಂದ ಒಬ್ಬಳು, "ಪಿತೃಗಳು ಇರ್ತಾರೆ ಮಿಸ್," ಎಂದಳು. ಇಡೀ ತರಗತಿ ನಕ್ಕಿತು. ಜಲಜಾ ಕೂಡ ಅರ್ಥವಾಗದೆ ನಕ್ಕಳು.

"ಅಂದ್ರ?"

ಈಗ ಯಾರೂ ನಗಲಿಲ್ಲ. ಕೊನೆಗೆ ಮುಂದಿನ ಬೆಂಚಿನವಳು ಡೆಸ್ಕ್ ನೋಡುತ್ತ ಹೇಳಿದಳು. "ಅದು ತಿಥಿ ಉಂಡೆ ಮಿಸ್. ರಾಮಕ್ಕನ ಮಗಳು ಹೋಗಿ ವರ್ಷ ಆಯ್ತಲ್ಲ, ಅದರದ್ದು. ನಮ್ಮ ಕೈಲಿ ತಿನ್ನಿಸ್ತಿದಾರೆ ಅಂತ ಎಲ್ರೂ ಹೇಳ್ತಾರೆ."

ಸೀತಾ ಅದೇ ತರಗತಿಯಲ್ಲಿದ್ದಳು. ಪಕ್ಕದ ಖಾಲಿ ಜಾಗದ ಮೇಲೆ ಕೈ ಇಟ್ಟು ಕೂತಿದ್ದಳು.

ಜಲಜಾ ಹೆಡ್‌ಮಿಸ್ಟ್ರೆಸ್ಸರ ಕೋಣೆಗೆ ಹೋದಾಗ ಅನಂತಲಕ್ಷ್ಮಿಯವರು ಪೆನ್ನು ಕೆಳಗಿಟ್ಟರು.

"ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ ಜಲಜಾ. ನಮ್ಮಗಳ ಮನೇಲಿ ಎಳ್ಳುಂಡೆ ಕಟ್ಟೋದು ಶ್ರಾದ್ಧದ ದಿನ. ಬೇರೆ ದಿನ ಕಟ್ಟೋಲ್ಲ. ಅದನ್ನ ಮನೆಯವರು, ನೆಂಟರು ತಿಂತಾರೆ. ಹೊರಗಿನವರು ಮುಟ್ಟಲ್ಲ."

"ನಮ್ಮ ಕಡೆ ಹಬ್ಬದ ಉಂಡಿರೀ ಅದು. ಹುಡುಗ್ಯಾರ ಹಬ್ಬ." ಜಲಜಾ ಕುರ್ಚಿಯ ಬೆನ್ನು ಹಿಡಿದುಕೊಂಡಳು. "ಆಕಿಗೆ ಮಗಳಿದ್ಲು ಅನ್ನೂದ ನಂಗ ಗೊತ್ತಿರಲಿಲ್ಲ. ನಾನು ಆಕಿ ಮುಂದ ನಿಂತು, ರಕ್ತ ಆಗ್ತೈತಿ ಅಂತ…"

ಅನಂತಲಕ್ಷ್ಮಿಯವರು ಕಿಟಕಿಯ ಕಡೆ ನೋಡಿದರು. ಅಲ್ಲಿಂದ ಶೀಟಿನ ಕೋಣೆಯ ಮಾಡು ಕಾಣುತ್ತಿತ್ತು.

"ಕಡಲೆಕಾಯಿ ಉಂಡೆ ಮಾಡಿಸಿ," ಎಂದರು. "ಅದನ್ನ ಎಲ್ಲರೂ ತಿಂತಾರೆ."

ಜಲಜಾ ಕ್ಯಾಂಟೀನಿಗೆ ಬಂದು ಈ ಸಲ ನಿಂತು ಮಾತಾಡಲಿಲ್ಲ. ಹೊಸ್ತಿಲ ಮೇಲೆ ಕೂತಳು. ಹೇಳಬೇಕಾದದ್ದನ್ನು ಹೇಳಿದಳು. ಲಚ್ಚಿಯ ಹೆಸರು ಬಂದಾಗ ದನಿ ಸಣ್ಣದಾಯಿತು. ರಾಮಕ್ಕ ಹೆಸರುಕಾಳಿನಿಂದ ಕಲ್ಲು ಆರಿಸುತ್ತಿದ್ದಳು. ಆರಿಸುತ್ತಲೇ ಇದ್ದಳು.

"ನನ್ನದು ತಪ್ಪಾತ್ರಿ."

"ತಪ್ಪೇನೈತೆ ಬುಡಿ."

ಕಲ್ಲೊಂದನ್ನು ಹೊರಗೆಸೆದು ರಾಮಕ್ಕ ಕೇಳಿದಳು. "ಅವ್ರ್ ತಿಥೀಲಿ, ಆ ಉಂಡೆ ತಿಂದ್ರೆ, ತೀರ್ಕೊಂಡೋರ್ಗೆ ಓಯ್ತದಾ?"

"ಹಂಗಂತಾರ."

"ನಮ್ಮಲ್ಲಿ ಲಚ್ಚೀಗೆ ಏನೂ ಮಾಡ್ನಿಲ್ಲ," ಎಂದಳು ರಾಮಕ್ಕ. ಬೇರೆ ಯಾರದೋ ಮನೆಯ ವಿಷಯ ಹೇಳುವಂತೆ. "ಮದ್ವೆ ಆಗ್ದೆ ತೀರ್ಕೊಂಡೋರ್ಗೆ ಮಾಡಾಕಿಲ್ಲ. ಹಿರೀರ ಹಬ್ಬದಾಗೆ ಎಡೆ ಇಡ್ತೀವಲ್ಲ, ಅದ್ರಾಗೂ ಇಲ್ಲ. ಚಿಕ್ಕೋಳಲ್ವ, ಹಿರೀರ್ ಸಾಲಿಗೆ ಬರಾಕಿಲ್ಲ ಅಂತಾನೆ ನಮ್ಮೆಜಮಾನ."

ಮರುದಿನ ಕಡಲೆಕಾಯಿ ಉಂಡೆ ಬಂತು. ಎಳ್ಳುಂಡೆಯೂ ಬಂತು. ಈಗ ಹಲಗೆಯ ಮೇಲೆ ನಾಲ್ಕು ತಟ್ಟೆ.

ಕಡಲೆಕಾಯಿ ಉಂಡೆಗೆ ಹುಡುಗಿಯರಿಗೆ ಆಸೆಯಿತ್ತು. ಆದರೆ ಹಲಗೆ ಒಂದೇ, ಕಟ್ಟಿದ ಕೈ ಒಂದೇ. ಭಾದ್ರಪದ ಬಂದು ಪಿತೃಪಕ್ಷ ಹಿಡಿಯಿತು. ಲೇಔಟಿನ ಮನೆಗಳಲ್ಲಿ ಅಮ್ಮಂದಿರು, ಆ ಕೋಣೆಯೊಳಗೆ ಕಾಲಿಡಬೇಡ ಎಂದು ಹೇಳಿ ಕಳಿಸತೊಡಗಿದರು. ಹೊಸಹಳ್ಳಿಯಿಂದ ಬರುತ್ತಿದ್ದ ಹುಡುಗಿಯರು ಮನೆಯಲ್ಲಿ ತಿಂದದ್ದನ್ನೇ ಇಲ್ಲಿ ಇತರರ ಎದುರು ಮುಟ್ಟಲು ನಾಚಿದರು. ಹುಡುಗಿಯರು ಹೊಂಗೆ ಮರದವರೆಗೆ ಬಂದು, ನೆರಳಿನಲ್ಲಿ ನಿಂತು ನೋಡಿ, ಗೇಟಿನ ಕಡೆ ತಿರುಗುತ್ತಿದ್ದರು.

ವೆಂಕಟಗಿರಿಯವರು ಬರುವ ದಿನ ಬೆಳಿಗ್ಗೆ ಅನಂತಲಕ್ಷ್ಮಿಯವರೇ ಕ್ಯಾಂಟೀನಿಗೆ ಬಂದರು. ಅವರು ಅಲ್ಲಿಗೆ ಬಂದದ್ದು ಅಪರೂಪ.

"ರಾಮಕ್ಕ, ಆ ಒಂದು ತಟ್ಟೆ ಒಳಗಿಡು. ಸಾಕು. ಮಿಕ್ಕಿದ್ದು ಹುಡುಗೀರು ತಿಂತಾರೆ, ನಾನೂ ಹೇಳ್ತೀನಿ ಕ್ಲಾಸಿನಲ್ಲಿ. ಕಾರ್ಯದರ್ಶಿಗಳು ನೋಡಿ ಒಪ್ಕೊಂಡು ಹೋಗ್ತಾರೆ. ಈ ಜಾಗ ಬೇಕು ತಾನೆ ನಿನಗೆ?"

"ಬೇಕು ಅಮ್ಮಾರೆ."

"ಮತ್ತೆ?"

ರಾಮಕ್ಕ ಮೂಲೆಯ ಕಡೆ ನೋಡಿದಳು. ತಟ್ಟೆಯ ಕಡೆ ನೋಡಿದಳು. ತಟ್ಟೆಯನ್ನು ಎತ್ತಿದಳು. ಎಲ್ಲಿಡುವುದೆಂದು ತಿಳಿಯದವಳ ಹಾಗೆ ಸ್ವಲ್ಪ ಹೊತ್ತು ಹಿಡಿದು ನಿಂತಿದ್ದು, ಮತ್ತೆ ಹಲಗೆಯ ಮೇಲೆಯೇ ಇಟ್ಟಳು.

"ಯಾರೋ ಒಬ್ರು ತಿನ್ಲಿ ಅಂತ," ಎಂದಳು.

ಅನಂತಲಕ್ಷ್ಮಿಯವರು ಸೆರಗು ಸರಿಮಾಡಿಕೊಂಡು ಹೊರಟುಹೋದರು.

ಬೆಲ್ಲು ಬಾರಿಸಿತು. ವೆಂಕಟಗಿರಿಯವರು ಛತ್ರಿ ಮಡಿಸಿ ಹೊಂಗೆ ಮರದ ಕೆಳಗೆ ನಿಂತಿದ್ದರು. ಪಕ್ಕದಲ್ಲಿ ಜಲಜಾ. ಹುಡುಗಿಯರು ಎಂದಿನಂತೆ ಬಂದು ನೆರಳಿನ ಅಂಚಿನಲ್ಲಿ ನಿಂತರು. ಕಾರ್ಯದರ್ಶಿಗಳು ಇದ್ದದ್ದರಿಂದ ಗೇಟಿನ ಕಡೆ ಹೋಗುವಂತಿರಲಿಲ್ಲ. ಮುಂದೆ ಬರುವಂತೆಯೂ ಇರಲಿಲ್ಲ.

"ಇದೇನ್ ಮೇಡಂ, ಮೆರವಣಿಗೆ ನೋಡೋ ಹಾಗೆ ನಿಂತಿದಾರೆ," ಎಂದರು ವೆಂಕಟಗಿರಿ.

ಗುಂಪಿನೊಳಗಿಂದ ಸೀತಾ ಹೊರಗೆ ಬಂದಳು. "ಏ, ಎಲ್ಲಿಗೇ?" ಎಂದು ಯಾರೋ ಅವಳ ಲಂಗ ಹಿಡಿದು ಎಳೆದರು. ಬಿಡಿಸಿಕೊಂಡು ನಡೆದಳು. ಹಲಗೆಯ ಮುಂದೆ ಬಂದು ನಿಂತಳು. ಒಂದು ವರ್ಷದಲ್ಲಿ ಎತ್ತರವಾಗಿದ್ದಳು. ರಾಮಕ್ಕ ಅವಳನ್ನು ನೋಡಿ ಕಡಲೆಕಾಯಿ ಉಂಡೆಯ ತಟ್ಟೆಯನ್ನು ಮುಂದಕ್ಕೆ ತಳ್ಳಿದಳು.

"ಅದಲ್ಲ ರಾಮಕ್ಕ."

ರಾಮಕ್ಕನ ಕೈ ಆ ತಟ್ಟೆಯ ಮೇಲೆಯೇ ಇತ್ತು.

"ಬೇರೇವ್ರ ಮನೆ ತಿಥಿ ಉಂಡೆ ತಿನ್ಬಾರ್ದಂತೆ," ಎಂದಳು ಸೀತಾ. "ಅಮ್ಮ ಹೇಳಿದ್ಲು. ನಮ್ಮೋರದ್ದಾದ್ರೆ ತಿನ್ಬೋದಂತೆ."

ಕೈ ಚಾಚಿದಳು. ರಾಮಕ್ಕ ಎಳ್ಳುಂಡೆಯೊಂದನ್ನು ತೆಗೆದು ಅವಳ ಅಂಗೈಯಲ್ಲಿಟ್ಟಳು. ಸೀತಾ ಅಲ್ಲೇ ನಿಂತು ತಿನ್ನಲು ಹೊರಟಾಗ, "ನಿಂತ್ಕೊಂಡ್ ತಿನ್ಬ್ಯಾಡ," ಎಂದಳು.

ಸೀತಾ ಹೊಸ್ತಿಲು ನೋಡಿದಳು. ಅದು ಅವಳ ಜಾಗ. ರಾಮಕ್ಕ ಗಲ್ಲ ಎತ್ತಿ ಮೂಲೆ ತೋರಿಸಿದಳು.

‘ಡಬ್’ ಅಂದಿತು ತಗಡು.

ರಾಮಕ್ಕ ಒಲೆಯ ಕಡೆ ತಿರುಗಿ ಕೂತಳು. ಒಲೆಯ ಮೇಲೆ ಮಾಡುವಂಥದ್ದು ಏನೂ ಇರಲಿಲ್ಲ. ಹಿಂದೆ ಸೀತಾ ನಿಧಾನವಾಗಿ ಅಗಿಯುವ ಸದ್ದು ಕೇಳುತ್ತಿತ್ತು. ಹೊರಗೆ ಹುಡುಗಿಯರು ಒಂದೆರಡು ಹೆಜ್ಜೆ ಮುಂದೆ ಬಂದರು. ಬಗ್ಗಿ ಒಳಗೆ ನೋಡಿದರು.

"ಹೆಂಗಿದ್ಯೇ?"

"ಹಲ್ಲಿಗೆ ಅಂಟುತ್ತೆ," ಎಂದಳು ಸೀತಾ.

"ಏನೂ ಆಗ್ಲಿಲ್ವ?"

"ಏನಾಗ್ಬೇಕಿತ್ತು?"

ಇಬ್ಬರು ಬಂದರು. ಆಮೇಲೆ ನಾಲ್ಕೈದು ಜನ. ಕಡಲೆಕಾಯಿ ಉಂಡೆಯ ತಟ್ಟೆ ಮೊದಲು ಬರಿದಾಯಿತು. ಉಸಲಿಗೆ ದೊನ್ನೆ ಸಾಲಲಿಲ್ಲ. ಇವತ್ತು ಬಾಲ ಇನ್ನೂ ಉದ್ದ ಬಂದಿದೆ ಎಂದು ಒಬ್ಬಳು ಹೇಳಿ ಬಾಯಿಗೆ ಹಾಕಿಕೊಂಡಳು. ಎಳ್ಳುಂಡೆಯನ್ನು ಲೇಔಟಿನವರು ಯಾರೂ ಮುಟ್ಟಲಿಲ್ಲ. ಹೊಸಹಳ್ಳಿಯ ಹುಡುಗಿಯೊಬ್ಬಳು ಮಾತ್ರ ಅತ್ತಿತ್ತ ನೋಡಿ ಒಂದು ತೆಗೆದುಕೊಂಡಳು. ಆಮೇಲೆ ತಂಗಿಗೆಂದು ಇನ್ನೊಂದು ತೆಗೆದುಕೊಂಡಳು.

ವೆಂಕಟಗಿರಿಯವರು ಹತ್ತಿರ ಬಂದರು. ಕಪ್ಪು ಉಂಡೆಗಳ ತಟ್ಟೆ ಕಂಡು ಛತ್ರಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದರು.

"ಇದ್ಯಾಕೆ ಇನ್ನೂ ಇಡ್ತೀಯಮ್ಮ? ಯಾರ್ ತಿಂತಾರೆ ಇದನ್ನ?"

"ತಿಂತಾವ್ಳಲ್ಲ ಸಾಮಿ," ಎಂದಳು ರಾಮಕ್ಕ, ತಿರುಗದೆ.

ಅವರು ಒಳಗೆ ಡಬ್ಬದ ಮೇಲೆ ಕೂತ ಹುಡುಗಿಯನ್ನು ನೋಡಿದರು. ಬರಿದಾದ ತಟ್ಟೆಗಳನ್ನು ನೋಡಿದರು. ಮೊಳೆಯಲ್ಲಿ ತೂಗುತ್ತಿದ್ದ ಬಾಣಲೆ ನೋಡಿದರು.

"ಬಾಣಲೆ ಇಲ್ದೇನೂ ನಡೆಯುತ್ತೆ ಅಂತಾಯ್ತು," ಎಂದರು ಜಲಜಾಗೆ. "ನಡೀಲಿ. ಹೋಟ್ಲಿನೋರಿಗೆ ನಾನು ಹೇಳ್ತೀನಿ."

ಬಿಡುವು ಮುಗಿದ ಬೆಲ್ಲು ಬಾರಿಸಿತು. ಸೀತಾ ಎದ್ದಳು. ಡಬ್ ಅಂದಿತು. ರಾಮಕ್ಕ ತಟ್ಟೆ ಒರೆಸುತ್ತಿದ್ದಳು. ತಲೆ ಎತ್ತಲಿಲ್ಲ. ಕೈ ಮಾತ್ರ ಸ್ವಲ್ಪ ಹೊತ್ತು ನಿಂತಿತು.

"ನಾಳೆ ಇರುತ್ತಾ?" ಎಂದು ಬಾಗಿಲಲ್ಲಿ ನಿಂತು ಸೀತಾ ಕೇಳಿದಳು.

"ನಾಳೆಯಿಂದ ರಜ ಅಲ್ವೇನವ್ವ."

"ರಜ ಆದ್ಮೇಲೆ?"

"ಇರ್ತದೆ."

ಅಮಾವಾಸ್ಯೆಯ ದಿನ ಹೊಸಹಳ್ಳಿಯ ಮನೆಯಲ್ಲಿ ಹಿರಿಯರಿಗೆ ಎಡೆ ಇಟ್ಟರು. ಬೈರಯ್ಯನ ಅಪ್ಪನಿಗೆ, ಅವ್ವನಿಗೆ, ಅಜ್ಜನಿಗೆ. ಆ ಸಾಲಿನಲ್ಲಿ ಲಚ್ಚಿ ಇರಲಿಲ್ಲ. ಹಿಂದಿನ ವರ್ಷ ರಾಮಕ್ಕ ಎಡೆಯ ಹತ್ತಿರ ಬಂದೇ ಇರಲಿಲ್ಲ. ಈ ವರ್ಷ ಬಂದು ಕೈ ಮುಗಿದು, ಎಲೆಗಳಿಗೆ ಬಡಿಸಿದಳು.

ರಜೆ ಮುಗಿದು ಶಾಲೆಯ ಬಾಗಿಲು ತೆರೆದ ದಿನ ಹ‌ಲಗೆಯ ಮೇಲೆ ನಾಲ್ಕು ತಟ್ಟೆಗಳಿದ್ದವು. ಸೀಬೆಹಣ್ಣಿನ ಚಿತ್ರದ ಒಂದು ಮೂಲೆ ಮಳೆಗೆ ನೆನೆದು ಸುರುಳಿ ಸುತ್ತಿಕೊಂಡಿತ್ತು. ಹುಡುಗಿಯರು ಸಾಲಾಗಿ ಬಂದರು. ಮುಂದಿದ್ದವಳು ಉಸಲಿ ಬಾಯಿಗೆ ಹಾಕಿಕೊಂಡು, ಅಗಿಯುತ್ತ, ಹಿಂದಿನವಳ ಕಡೆ ತಿರುಗಿ ನೋಡಿದಳು.

ಉಪ್ಪು ಸರಿಯಾಗಿತ್ತು.